ಜಿಂಕೆ ಮೂಗಿಗೆ ಇಂಗು

ಅಮೆರಿಕದ ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕ್‌ನ ಸುಹಾಸಿನಿ ಅರಸ್ ಹುಣಸೂರಿನ ಬೇಟೆಗಾರರ ಮನೆತನದವಳು. ಮೊಟ್ಟೆಯನ್ನೂ ಮುಟ್ಟದ ಹಯವದನನನ್ನು ಪ್ರೀತಿಸಿ ಮದುವೆಯಾದಾಗ ಅವಳು ಹಾಕಿದ ಷರತ್ತು ಒಂದೇ: ಅಕ್ಟೋಬರ್ ಬಂದು ಜಿಂಕೆ ಬೇಟೆ ಶುರುವಾಯಿತೆಂದರೆ ಶನಿವಾರದ ಬೆಳಗು ತನ್ನದು. ಅವನದೂ ಒಂದೇ: ಮಾಂಸ ಗರಾಜಿನ ಒಲೆ ದಾಟಿ ಒಳಗೆ ಬರಕೂಡದು. ಬಿಲ್ಲು ಹಿಡಿದು ಕಾಡಿಗೆ ಹೋದವಳು ಹತ್ತು ಗಂಟೆಗೆ ಮಕ್ಕಳ ಈಜಿನ ಕ್ಲಾಸಿಗೆ ಹಾಜರಾಗುತ್ತಿದ್ದಳು. ಎರಡು ಹೆತ್ತ ಮೇಲೂ ಒಂದೇ ಒಂದು ಬೇಟೆ ಸೀಸನ್ನೂ ಬಿಟ್ಟವಳಲ್ಲ!

2009ರ ರಿಸೆಷನ್‌ನಲ್ಲಿ ಹಯವದನನ ಕೆಲಸ ಹೋಯಿತು. ಅಡುಗೆಮನೆ ಅವನ ಕೈಗೆ ಬಂತು; ಮೂರು ಹೊತ್ತೂ ಇಂಗಿನ ಒಗ್ಗರಣೆ. ಆ ವರ್ಷ ಜಿಂಕೆಗಳು ಅವಳು ಕಾದು ಕೂತ ಮರದ ಹತ್ತಿರ ಬಂದು, ಮೂಗೆತ್ತಿ, ಕಾಲಿಗೆ ಬುದ್ಧಿ ಹೇಳತೊಡಗಿದವು. ನಾಲ್ಕನೆಯ ಶನಿವಾರ ಅವಳು ತನ್ನ ಜಾಕೆಟ್ಟನ್ನೇ ಮೂಸಿ ನೋಡಿದಳು. ಅಡುಗೆಮನೆಯ ಪಕ್ಕದಲ್ಲೇ ನೇತುಹಾಕುತ್ತಿದ್ದ ಜಾಕೆಟ್ಟು ಅದು.

"ರೀ, ನಿಮ್ಮ ಇಂಗು ನನ್ನ ಬೇಟೆ ಕೆಡಿಸ್ತಿದೆ!" ಎಂದು ಬಾಗಿಲಲ್ಲೇ ಕೂಗಿದಳು.

ಇಂಗಿಲ್ಲದ ಸಾರನ್ನು ಬಾಯಿಗಿಡದ ಮನುಷ್ಯ ಡಬ್ಬಿ ಮುಚ್ಚಿಟ್ಟ. "ನಿಂಗೊಂದು ಜಿಂಕೆ ಸಿಗೋವರೆಗೂ ಒಗ್ಗರಣೆ ಬಂದ್."

"ದಿಸ್ ಸಾರು ಈಸ್ ಸೋ ಬೋರಿಂಗ್!" ಎಂದು ಮಗಳು ಮಾನ್ಯಾ ತಟ್ಟೆ ತಳ್ಳಿದಳು. ಅವನು ಇನ್ನೊಂದು ಸೌಟು ಬಡಿಸಿಕೊಂಡ.

ಎರಡು ವಾರದ ಮೇಲೆ, ಶನಿವಾರ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು.

"ಬಿತ್ತು ರೀ! ಒಂದೇ ಬಾಣ! ಎಂಟು ಕವಲಿನ ಕೊಂಬು!"

ಫೋನನ್ನು ಭುಜಕ್ಕೆ ಒತ್ತಿಕೊಂಡು, ಆಗಲೇ ಒಗ್ಗರಣೆ ಸೌಟಿಗೆ ತುಪ್ಪ ಹಾಕುತ್ತ ಹಯವದನ ಕೇಳಿದ:

"ಹಾಗಾದ್ರೆ ಇಂಗು ಹಾಕ್ಲಾ?"