ಮೇಜಿನ ತುದಿಯ ಬಕೆಟ್ಟು

ಆಸ್ಪತ್ರೆಯವರು ಕೊಟ್ಟ ಪುಡಿಯನ್ನು ನೀರಿನಲ್ಲಿ ಕಲಸಿದರೆ ಅದು ಗೋಡೆಗೆ ಬಳಿಯುವ ಸುಣ್ಣದ ಹಾಗೆ ಲೋಟದ ಅಂಚಿಗೆ ಹತ್ತಿಕೊಳ್ಳುತ್ತಿತ್ತು. ವಾಸನೆಯೋ, ಒದ್ದೆ ಬಟ್ಟೆಯನ್ನು ಮೂರು ದಿನ ಚೀಲದಲ್ಲಿ ಕಟ್ಟಿಟ್ಟ ಹಾಗೆ. ಒಂದು ಸಲ ನಾಲಗೆ ತುದಿಗೆ ಇಟ್ಟು ನೋಡಿದವನು ಬಚ್ಚಲಿಗೆ ಓಡಿ ಉಗುಳಿ ಬಂದೆ. ನನ್ನ ಸೊಸೆ ಅದನ್ನು ದಿನಕ್ಕೆ ಐದು ಲೋಟ ಕುಡಿಯುತ್ತಿದ್ದಳು. ಕುಡಿದು, ತುಟಿ ಒರೆಸಿಕೊಂಡು, "ಪರವಾಗಿಲ್ಲ ಮಾವ, ಕುಡಿಯೋ ಹಾಗೇ ಇದೆ" ಅನ್ನುತ್ತಿದ್ದಳು.

ಅವಳಿಗೆ ಹೇಸಿಗೆ ಅನ್ನುವುದೇ ಇರಲಿಲ್ಲ. ಅವಳ ಕೆಲಸವೇ ಅಂಥದ್ದು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿಯೊಂದರಲ್ಲಿ ಮೂಟೆ ಬಿಚ್ಚಿ ವಿಂಗಡಿಸುವ ಮೇಜು ಅವಳದು. ರಕ್ತದ್ದು ಒಂದು ಕಡೆ, ಕೀವಿನದು ಒಂದು ಕಡೆ, ಹೆಸರು ಹೇಳಬಾರದ್ದು ಇನ್ನೊಂದು ಕಡೆ. ಹೊಸದಾಗಿ ಬಂದವರು ಆ ಮೇಜಿನ ಹತ್ತಿರ ಒಂದು ವಾರ ನಿಂತರೆ ಹೆಚ್ಚು. ಇವಳು ಇಪ್ಪತ್ತೆರಡು ವರ್ಷ ನಿಂತಳು. ಅಲ್ಲಿಯವರು ಅವಳಿಗೆ 'ಟ್ಯಾಂಕರ್' ಅಂತ ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು. ಮೂಟೆ ಹೊತ್ತು ಬರುವಾಗ ಎದುರಿಗೆ ಸಿಕ್ಕವರನ್ನು ಮೊಣಕೈಯಲ್ಲಿ ತಳ್ಳಿ, "ಟ್ಯಾಂಕರ್ ಬಂದ್ರೆ ದಾರಿ ಬಿಡಬೇಕು, ಗೊತ್ತಾಗಲ್ವಾ" ಅನ್ನುತ್ತಿದ್ದಳಂತೆ.

ನಮ್ಮ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು. ನಾನು ತಕ್ಕಡಿ ರಿಪೇರಿಯವನು. ಮುಂದಿನ ಕೋಣೆಯೇ ನನ್ನ ಅಂಗಡಿ. ಬಂದ ವಾರದಲ್ಲೇ ತಮಾಷೆಗೆ ಮೂಟೆ ತೂಗುವ ತಕ್ಕಡಿಯ ಹಲಗೆಯ ಮೇಲೆ ನಿಂತಳು. ನಲವತ್ತೆಂಟು ಕಿಲೋ. "ಗಾಳಿ ಬಂದ್ರೆ ಹಾರಿ ಹೋಗ್ತಾಳೆ, ಒಂದು ಕಲ್ಲು ಕಟ್ಟಿ ಇಟ್ಕೋ" ಅಂತ ನನ್ನ ಮಗನಿಗೆ ಹೇಳಿ ನಕ್ಕಿದ್ದೆ. ಈಗ ನೂರ ಹದಿನೆಂಟು. ಒಲೆಯ ಹಿಂದಿನ ಗೋಡೆಗೆ ಜಿಡ್ಡು ಹಿಡಿಯುವುದು ಯಾರ ಕಣ್ಣಿಗೆ ಬೀಳುತ್ತದೆ? ಒಂದು ದಿನ ಕೈ ತಾಗಿ ಅಂಟಿಕೊಂಡಾಗಲೇ ಥೂ ಅನ್ನುವುದು. ಇದೂ ಹಾಗೇ ಆಯಿತು.

ಮೊದಲು ಮಂಡಿ ಹೋಯಿತು. ಮೆಟ್ಟಿಲು ಇಳಿಯುವಾಗ ಒಳಗಿನ ಎಲುಬು ಎಲುಬಿಗೆ ಉಜ್ಜುವ ಸದ್ದು ಪಕ್ಕದಲ್ಲಿದ್ದ ನನಗೇ ಕೇಳುತ್ತಿತ್ತು. ಮಂಡಿಯ ಡಾಕ್ಟರು, ಈ ತೂಕ ಇಳಿಯದೆ ನಾನು ಮಂಡಿ ಮುಟ್ಟುವುದಿಲ್ಲ ಎಂದು ಹೊಟ್ಟೆಯ ಡಾಕ್ಟರ ಹತ್ತಿರ ಕಳಿಸಿದರು. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಜಠರದ ಚೀಲವನ್ನು ಉದ್ದಕ್ಕೆ ಕತ್ತರಿಸಿ, ಬಾಳೆಹಣ್ಣಿನಷ್ಟನ್ನು ಉಳಿಸಿ, ಮಿಕ್ಕದ್ದನ್ನು ತೆಗೆದುಬಿಡುವುದು. ಆದರೆ ಪಿತ್ತಜನಕಾಂಗಕ್ಕೆ ಕೊಬ್ಬು ಹತ್ತಿ ಊದಿ, ಚೀಲದ ಮೇಲೆ ಎಮ್ಮೆಯ ಹಾಗೆ ಮಲಗಿದೆ; ಅದು ಕುಗ್ಗದೆ ಒಳಗೆ ಕತ್ತರಿ ಆಡಿಸಲು ಜಾಗವಿಲ್ಲ. ಅದಕ್ಕೆ ಹದಿನಾಲ್ಕು ದಿನ ಬರೀ ಪುಡಿ, ಬರೀ ನೀರು. ಕಡೇ ಪಕ್ಷ ನಾಲ್ಕು ಕಿಲೋ ಇಳಿಯಬೇಕು. ಇಳಿಯದಿದ್ದರೆ ಆಪರೇಷನ್ ಇಲ್ಲ.

ಹದಿನಾಲ್ಕು ದಿನ ಕಳೆದು ಹೋಗಿ ತೂಕದ ಯಂತ್ರದ ಮೇಲೆ ನಿಂತರೆ ಮುನ್ನೂರು ಗ್ರಾಂ ಏರಿತ್ತು.

ಅಲ್ಲಿ ಊಟದ ಪಟ್ಟಿ ನೋಡುವ ಒಬ್ಬ ಹುಡುಗಿಯಿದ್ದಳು, ಚೂಪು ಮಾತಿನವಳು. ಸೊಸೆ ದಿನವೂ ಬರೆದಿಟ್ಟ ಪುಸ್ತಕವನ್ನು ತಿರುವಿ ಹಾಕಿದಳಂತೆ.

"ಪುಡಿ ಐದು ಲೋಟ, ನೀರು ಎಂಟು ಲೋಟ. ಬೇರೆ ಏನೂ ತಿಂದಿಲ್ವಾ?"

"ಏನೂ ತಿಂದಿಲ್ಲಮ್ಮ."

"ಹಾಗಾದ್ರೆ ಗಾಳಿ ಕುಡಿದು ದಪ್ಪ ಆದ್ರಾ? ನಂಗಿಂತ ಚೆನ್ನಾಗಿ ಕಥೆ ಬರೀತೀರಿ ನೀವು."

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಳು. "ಮಾವ, ನಾನು ಸುಳ್ಳು ಬರೆದಿಲ್ಲ" ಅಂದಳು. ಅಷ್ಟೇ. ಇಪ್ಪತ್ತೈದು ವರ್ಷದಲ್ಲಿ ಅವಳು ಸುಳ್ಳು ಹೇಳಿದ್ದು ನಾನು ಕಂಡಿಲ್ಲ. ಹಾಗಾದರೆ ಯಂತ್ರವೇ ಕೆಟ್ಟಿರಬೇಕು ಅಂದುಕೊಂಡೆ.

ಹೊಸ ತಾರೀಖು ಕೇಳಲು ಹೋದಾಗ ನಾನೂ ಹೋದೆ. ಚೀಲದಲ್ಲಿ ಐದು ಕಿಲೋ ತೂಕದ ಕಲ್ಲು ಇತ್ತು. ಸೊಸೆ ತೂಗಿಸಿಕೊಂಡು ಇಳಿದ ಕೂಡಲೇ ಅದನ್ನು ಯಂತ್ರದ ಮೇಲೆ ಇಟ್ಟೆ.

"ಏನಜ್ಜ ಅದು?" ಅಂದಳು ಚೂಪು ಮಾತಿನವಳು.

"ಸಾಕ್ಷಿ" ಅಂದೆ.

ಯಂತ್ರ ಐದು ತೋರಿಸಿತು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ಹುಡುಗಿ ಕಲ್ಲನ್ನೂ ನನ್ನನ್ನೂ ನೋಡಿ, "ಸಾಕ್ಷಿ ನಮ್ಮ ಕಡೆಗೇ ಹೇಳ್ತಲ್ಲ ಅಜ್ಜ" ಎಂದು, ಆಮೇಲೆ ಸೊಸೆಯ ಕಡೆ ತಿರುಗಿದಳು. "ನೋಡಿ, ಮುಂದಿನ ತಿಂಗಳು ಒಂದು ತಾರೀಖು ಕೊಡ್ತೀನಿ. ಆವಾಗಲೂ ಇಳೀಲಿಲ್ಲ ಅಂದ್ರೆ ನಿಮ್ಮ ಹೆಸರು ಪಟ್ಟಿಯ ಕೊನೆಗೆ ಹೋಗುತ್ತೆ. ಪಟ್ಟಿ ಎರಡು ವರ್ಷದ್ದಿದೆ." ಆ ಮಂಡಿ ಎರಡು ವರ್ಷ ಕಾಯುವ ಮಂಡಿಯಾಗಿರಲಿಲ್ಲ. ನಿಲ್ಲಲಾಗದವಳಿಗೆ ಲಾಂಡ್ರಿಯಲ್ಲಿ ಜಾಗವೂ ಇರಲಿಲ್ಲ.

ನನ್ನ ಕಸುಬಿನಲ್ಲಿ ಒಂದು ಮಾತಿದೆ. ತಕ್ಕಡಿ ಸರಿಯಿದ್ದರೆ ಹಾಕುವವನ ಕೈ ನೋಡು. ಎರಡನೇ ಸಲದ ಪುಡಿ ಶುರುವಾದ ದಿನ ಊಟಕ್ಕೆ ಕೂತಾಗ ನಾನು ಕೈಗಳನ್ನು ನೋಡಿದೆ.

ನಮ್ಮ ಮನೆಗೊಂದು ಕಟ್ಟುಪಾಡಿದೆ. ಹಸಿವು ಕಂಡ ಮನೆಯಲ್ಲಿ ಹುಟ್ಟಿದ ನನ್ನ ಹೆಂಡತಿ ಹಾಕಿದ್ದು. ತಟ್ಟೆಯಿಂದ ಕಸದ ಡಬ್ಬಿಗೆ ಒಂದು ತುತ್ತೂ ಹೋಗಕೂಡದು. ಒಳ್ಳೆಯ ಮಾತೇ. ಆದರೆ ಅದನ್ನು ನಾವು ಹೇಗೆ ಪಾಲಿಸುತ್ತಿದ್ದೆವು ಅಂತ ಆವತ್ತು ಕಂಡೆ. ಮೊಮ್ಮಗಳು ಮೀನಿನ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಿ ತಟ್ಟೆಯನ್ನು ಮುಂದಕ್ಕೆ ನೂಕಿದಳು. ಬಸ್ಸು ಓಡಿಸುವ ಮಗ ಹೊರಡುವ ಆತುರದಲ್ಲಿ ಕಚ್ಚಿದ ಬ್ರೆಡ್ಡು, ಅರ್ಧ ಆಲೂಗಡ್ಡೆ ಬಿಟ್ಟು ತಟ್ಟೆ ನೂಕಿದ. ನನ್ನ ಹೆಂಡತಿ ಹಲ್ಲಿಗೆ ನಾರು ಸಿಕ್ಕಿತೆಂದು ಮಾಂಸದ ತುಂಡನ್ನು ಚೀಪಿ ತೆಗೆದು ಅನ್ನದ ಮೇಲಿಟ್ಟು ನೂಕಿದಳು. ನನಗೆ ಮೊಟ್ಟೆಯ ಹಳದಿ ಆಗದು. ಬಿಳಿಯದನ್ನು ತಿಂದು ಹಳದಿ ಉಳಿಸಿದ್ದ ನನ್ನ ತಟ್ಟೆಯೂ ಮೇಜಿನ ತುದಿಗೆ ಹೋಗಿತ್ತು; ಯಾವಾಗ ನೂಕಿದೆನೋ ನನಗೇ ತಿಳಿದಿರಲಿಲ್ಲ. ಕುಂಬಳಕಾಯಿ ಕಳ್ಳನನ್ನು ಹುಡುಕಲು ಹೊರಟವನ ಹೆಗಲ ಮೇಲೇ ಬೂದಿ.

ತುದಿಯಲ್ಲಿ ಪುಡಿಯ ಲೋಟ ಹಿಡಿದು ಕೂತಿದ್ದ ಸೊಸೆ ಎದ್ದಳು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ನಲ್ಲಿಯ ಹತ್ತಿರ ನಿಂತು, ಬೆರಳಲ್ಲಿ ಬಳಿದು ಬಳಿದು ಬಾಯಿಗೆ ಹಾಕಿಕೊಂಡಳು. ಮೀನಿನ ಸಿಪ್ಪೆ, ಚೀಪಿದ ತುಂಡು, ಎಲ್ಲವನ್ನೂ. ಮುಖದಲ್ಲಿ ರುಚಿಯೂ ಇಲ್ಲ, ಆಸೆಯೂ ಇಲ್ಲ. ಅವಳು ತಿನ್ನುತ್ತಿರಲಿಲ್ಲ, ಪಾತ್ರೆ ತೊಳೆಯುವ ಮೊದಲ ಹಂತ ಮುಗಿಸುತ್ತಿದ್ದಳು.

"ಇದನ್ನ ಪುಸ್ತಕದಲ್ಲಿ ಬರೀತೀಯಾ?" ಅಂದೆ.

"ಯಾವುದನ್ನ?"

"ಈಗ ತಿಂದದ್ದನ್ನ."

"ಇದೇನು ಮಾವ ಬರೆಯೋದು" ಅಂದಳು, ನಾನು ಬುದ್ಧಿ ಕೆಟ್ಟು ಮಾತಾಡುತ್ತಿದ್ದೇನೆ ಅನ್ನುವ ಹಾಗೆ. "ಇದು ನಾನು ತಿಂದಿದ್ದಲ್ಲ. ನೀವು ಬಿಟ್ಟಿದ್ದು."

ಮರುದಿನ ಅಂಗಡಿಯಿಂದ ಮುಚ್ಚಳವಿದ್ದ ಬಕೆಟ್ಟೊಂದನ್ನು ತಂದು ಮೇಜಿನ ತುದಿಯಲ್ಲಿಟ್ಟೆ. ಅವಳ ಕಡೆಗೆ ನೂಕುವುದನ್ನೆಲ್ಲ ಇದಕ್ಕೆ ಹಾಕಿ, ಒಂದು ವಾರ ಯಾರೂ ಇದನ್ನು ಚೆಲ್ಲಕೂಡದು ಅಂದೆ. ನನ್ನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅನ್ನ ತಗೊಂಡು ಬಕೆಟ್ಟಿಗೆ ಸುರಿಯೋ ಮನೆ ಅಲ್ಲ ಇದು."

"ಸರಿ. ನೀನೇ ತಿನ್ನು."

"ಥೂ, ಇವರೆಲ್ಲರ ಎಂಜಲು ನಾನ್ಯಾಕೆ ತಿನ್ನಲಿ?"

ಸೊಸೆ ನಲ್ಲಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಆಮೇಲೆ ಆ ವಾರ ನನ್ನ ಹೆಂಡತಿ ಬಕೆಟ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೂರನೇ ದಿನಕ್ಕೆ ಹುಳಿ ವಾಸನೆ ಎದ್ದಿತು. ಐದನೇ ದಿನ ಮುಚ್ಚಳ ತೆಗೆದರೆ ಕಣ್ಣು ಉರಿಯುತ್ತಿತ್ತು. ಮೊಮ್ಮಗಳು ಮೂಗು ಹಿಡಿದುಕೊಂಡು, "ತಾತ, ನನ್ನ ಗೆಳತಿಯರನ್ನ ಮನೆಗೆ ಕರೆಯೋ ಹಾಗಿಲ್ಲ" ಅಂದಳು. "ನಿನ್ನ ಮೀನಿನ ಸಿಪ್ಪೆ ಅದು, ಪರಿಚಯ ಮಾಡಿಸು" ಅಂದೆ. ಮಗ ಊಟದ ತಟ್ಟೆ ಹಿಡಿದು ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂತ.

ಎಂಟನೇ ದಿನ ಬೆಳಿಗ್ಗೆ ಎಲ್ಲರನ್ನೂ ಅಂಗಡಿಗೆ ಕರೆದು ಬಕೆಟ್ಟನ್ನು ತಕ್ಕಡಿಯ ಮೇಲೆ ಇಟ್ಟೆ. ಬಕೆಟ್ಟಿನ ತೂಕ ಕಳೆದು ಏಳು ಕಿಲೋ ನಾನೂರು. ಮುಚ್ಚಳ ತೆಗೆದೆ. ಮೇಲೆ ಬೂದು ಬಣ್ಣದ ಬೂಸು, ಅದರ ಕೆಳಗೆ ಅನ್ನ, ಬ್ರೆಡ್ಡು, ಹಾಲು ಎಲ್ಲ ಕೊಳೆತು ಒಂದೇ ಮುದ್ದೆಯಾಗಿ ಗುಳ್ಳೆ ಏಳುತ್ತಿತ್ತು. ಮೀನಿನ ಸಿಪ್ಪೆಯ ಮೇಲೆ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ಅಲ್ಲಲ್ಲಿ ಹಸಿರಿಗೆ ತಿರುಗಿದ ಹಳದಿ ಉಂಡೆಗಳು, ನನ್ನವು.

"ಅಪ್ಪ, ಸಾಕು, ಎಸೀರಿ ಅದನ್ನ" ಅಂದ ಮಗ, ಮುಖ ತಿರುಗಿಸಿ.

"ಎಲ್ಲಿಗೆ ಎಸೀಲಿ?" ಅಂದೆ. "ಇಷ್ಟು ವರ್ಷ ಎಲ್ಲಿಗೆ ಎಸೀತಿದ್ವಿ, ಹೇಳು."

ಬಗ್ಗಿ ನೋಡಿದವಳು ಸೊಸೆ. ಪರರ ಕೀವು ರಕ್ತವನ್ನು ಇಪ್ಪತ್ತೆರಡು ವರ್ಷ ಬರಿಗಣ್ಣಲ್ಲಿ ನೋಡಿದವಳು. "ಇದಾ?" ಅಂದಳು. "ಒಂದು ವಾರದ್ದಾ?" ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ತಡೆಯಲಾಗದೆ ಬಚ್ಚಲಿಗೆ ಹೋದಳು. ವಾಕರಿಸುವ ಸದ್ದು ಅಂಗಡಿಯವರೆಗೂ ಬಂತು. ಬರೀ ಪುಡಿಯ ನೀರು ಬಿದ್ದಿರಬೇಕು. ಅವಳಿಗೆ ಹೇಸಿಗೆಯಾದದ್ದನ್ನು ನಾನು ಕಂಡದ್ದು ಅದೇ ಮೊದಲು. ನಮಗೆ ನಮ್ಮ ಮೇಲೆ ಎಂದೋ ಆಗಬೇಕಾಗಿದ್ದದ್ದು ಅವಳಿಗೆ ಮೊದಲು ಆಯಿತು.

ಬಾಯಿ ತೊಳೆದು ಬಂದವಳು ಯಾರ ಮುಖವನ್ನೂ ನೋಡದೆ ಹೇಳಿದಳು, "ಲಾಂಡ್ರಿಯಲ್ಲಿ ಗ್ಲೌಸ್ ಆದ್ರೂ ಕೊಡ್ತಾರೆ."

ಬಕೆಟ್ಟನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಸುರಿದವನು ನನ್ನ ಮಗ. ತೊಳೆದವಳು ನನ್ನ ಹೆಂಡತಿ, ಬೂದಿ ಹಾಕಿ ಮೂರು ಸಲ. ಸೊಸೆ ಸಹಾಯಕ್ಕೆ ಬಂದಾಗ, "ನೀನು ಮುಟ್ಟಬೇಡ" ಅಂದಳು. ಅದನ್ನು ಬೈಗುಳದ ಧಾಟಿಯಲ್ಲೇ ಅಂದಳು. ಅವಳಿಗೆ ಬೇರೆ ಧಾಟಿ ಗೊತ್ತಿಲ್ಲ. ಆವತ್ತಿನಿಂದ ಅಕ್ಕಿ ಅಳೆಯುವ ಲೋಟವೂ ಸಣ್ಣದಾಯಿತು.

ಹದಿನಾಲ್ಕನೇ ದಿನ ಆಸ್ಪತ್ರೆಯ ಯಂತ್ರದ ಮೇಲೆ ನಿಂತಾಗ ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. ನಾನು ನೋಡಿದೆ. ಐದು ಕಿಲೋ ನೂರು ಗ್ರಾಂ ಇಳಿದಿತ್ತು. ಚೂಪು ಮಾತಿನವಳು ಎರಡು ಸಲ ಇಳಿಸಿ ಹತ್ತಿಸಿದಳು.

"ಈ ಸಲ ಏನು ಮಾಡಿದ್ರಿ?"

"ಪಾತ್ರೆ ತೊಳೆಯೋದು ಬಿಟ್ಟೆ" ಅಂದಳು ಸೊಸೆ.

ಆ ಹುಡುಗಿಗೆ ಏನು ಅರ್ಥವಾಯಿತೋ, ಗುರುವಾರ ಬೆಳಿಗ್ಗೆ ಆರಕ್ಕೆ ಬಂದು ಸೇರಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟಳು.

ಆ ಸಂಜೆ ಊಟಕ್ಕೆ ಕೂತೆವು. ಮೇಜಿನ ತುದಿ ಬರಿದಾಗಿತ್ತು. ಸೊಸೆ ನನ್ನ ಪಕ್ಕದ ಕುರ್ಚಿಯಲ್ಲಿ ಪುಡಿಯ ಲೋಟ ಹಿಡಿದು ಕೂತಿದ್ದಳು. ಮಗನ ತಟ್ಟೆ ಖಾಲಿಯಾಯಿತು, ಮೊಮ್ಮಗಳದ್ದೂ ಆಯಿತು. ನನ್ನ ತಟ್ಟೆಯಲ್ಲಿ ಮೊಟ್ಟೆಯ ಹಳದಿ ಉಂಡೆ ಉಳಿದಿತ್ತು. ಕೈ ತಾನಾಗಿ ತಟ್ಟೆಯ ಅಂಚಿಗೆ ಹೋಯಿತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಬಕೆಟ್ಟಿನಲ್ಲಿ ಹಸಿರಾಗಿದ್ದ ಉಂಡೆಗಳು ಕಣ್ಣಿಗೆ ಕಟ್ಟಿದವು. ಉಸಿರು ಹಿಡಿದು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಅದು ಒಣ ಮಣ್ಣಿನ ಹಾಗೆ ಅಂಗುಳಕ್ಕೆ ಮೆತ್ತಿಕೊಂಡಿತು, ನುಂಗಲಾಗದೆ ಕಣ್ಣಲ್ಲಿ ನೀರು ಬಂತು.

ಸೊಸೆ ತನ್ನ ಲೋಟ ಕೆಳಗಿಟ್ಟು ನನ್ನ ಕಡೆಗೆ ನೀರು ಸರಿಸಿದಳು.

"ನೀರು ಕುಡೀರಿ ಮಾವ" ಅಂದಳು. "ಇಳಿಯುತ್ತೆ."