ಲಾಲ್‌ಬೀಗೆ ಒಯ್ದ ಹುಣಸೆಹಣ್ಣು

ಯಾರಿಗೆ ಎಷ್ಟೇ ಹೊಲವಿರಲಿ, ಬಂಗಾರವಿರಲಿ, ಬಳಗಾನೂರಿನ ಯಮನಮ್ಮನಿಗೆ ಹೊಟ್ಟೆ ಉರಿಯುತ್ತಿರಲಿಲ್ಲ. ಉರಿಯುತ್ತಿದ್ದುದು ಪಕ್ಕದ ಮನೆಯ ಲಾಲ್‌ಬೀಯ ಮೈ ನೋಡಿದಾಗ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಒಂಬತ್ತು ವರ್ಷಗಳಲ್ಲಿ ಲಾಲ್‌ಬೀಗೆ ಎರಡು ಮಕ್ಕಳು, ಯಮನಮ್ಮನಿಗೆ ಐದು. ಭತ್ತದ ಸಸಿ ಹಚ್ಚಲು ಬಗ್ಗಿದರೆ ಲಾಲ್‌ಬೀ ಸಾಲು ಮುಗಿಯುವ ತನಕ ಏಳುತ್ತಿರಲಿಲ್ಲ; ಯಮನಮ್ಮ ಅಷ್ಟರಲ್ಲಿ ಮೂರು ಸಲ ಸೊಂಟ ಹಿಡಿದು ನಿಲ್ಲುತ್ತಿದ್ದಳು. ಐದನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳನ್ನು ಜೀಪಿನಲ್ಲಿ ಸಿಂಧನೂರಿಗೆ ಒಯ್ದಿದ್ದರು.

“ಇನ್ನೊಂದು ಹಡದ್ರ ನೀ ಉಳಿಯಂಗಿಲ್ಲ,” ಎಂದಿದ್ದರು ಡಾಕ್ಟರಮ್ಮ. ಆಪರೇಶನ್ ಮಾತೆತ್ತಿದರೆ ಗಂಡ ಗೋಪಣ್ಣ, “ಸುಗ್ಗಿ ಆಗ್ಲಿ ತಡಿ,” ಅನ್ನುತ್ತಲೇ ಇದ್ದ.

೧೯೯೩ರ ಶ್ರಾವಣದಲ್ಲಿ ಒಂದು ಮುಂಜಾನೆ ಲಾಲ್‌ಬೀ ಗದ್ದೆಯ ಬದುವಿನ ಮೇಲೆ ಕುಳಿತು ವಾಂತಿ ಮಾಡಿಕೊಂಡಳು. ಯಮನಮ್ಮನ ಎದೆ ತಂಪಾಯಿತು. ಸಂಜೆ ಓಣಿಗೆಲ್ಲ ಸುದ್ದಿ ಮುಟ್ಟಿಸಿ, ಸೆರಗಿನಲ್ಲಿ ಹುಣಸೆಹಣ್ಣು ಕಟ್ಟಿಕೊಂಡು ಹೋದಳು.

“ತಗೋ ಬೇ, ಬಾಯಿಗೆ ಹುಳಿ ಬೇಕನಸ್ತಿರತೈತಿ.”

ಲಾಲ್‌ಬೀ ನಕ್ಕು ತೆಗೆದುಕೊಂಡಳು.

ದಸರೆ ಬಂತು, ದೀಪಾವಳಿ ಹೋಯಿತು. ಲಾಲ್‌ಬೀಯ ಹೊಟ್ಟೆ ಇದ್ದ ಹಾಗೇ ಇತ್ತು. ಒಂದು ಮಂಗಳವಾರ ಕಾಲುವೆಯಲ್ಲಿ ಅರಿವೆ ಒಗೆಯುವಾಗ ಯಮನಮ್ಮನಿಗೆ ತಡೆಯಲಾಗಲಿಲ್ಲ.

“ಏನ್ ಮಾಡ್ದಿ ಬೇ? ತೆಗೆಸಿಕೊಂಡ್ಯೇನು?”

“ತೆಗಸಾಕ ಬಸಿರ ನಿಂತಿರಲಿಲ್ಲಕ್ಕ. ಶ್ರಾವಣದಾಗ ಒಂದ ರಾತ್ರಿ ನಿರೋಧ್ ಹರದು ಹೋತು. ಮರುದಿನಾನ ಮಸ್ಕಿ ನರ್ಸಬಾಯಿ ಕಡೆ ಓಡಿದೆ. ಬಸಿರು ತಡಿಯೋ ಮಾಲಾ ಗುಳಿಗಿ ಒಮ್ಮೆಲೆ ನಾಲ್ಕು ನುಂಗಿಸಿದ್ರು, ಹನ್ನೆರಡು ತಾಸಿಗೆ ಮತ್ತ ನಾಲ್ಕು. ಆ ವಾಂತಿ ಅದರದು. ಮೂರು ದಿನದೊಳಗ ಹೋಗಬೇಕಂತ.”

“ನನಗ ಹೇಳಾಕ ಏನಾಗಿತ್ತ ನಿನಗ?”

“ನಿನಗ ಹೇಳಿದ್ದು ಸಂಜಿಗೆ ನಮ್ಮತ್ತಿ ಕಿವ್ಯಾಗ ಇರತೈತಿ. ಹುಣಸಿಹಣ್ಣು ತಂದಾಕಿ ನೀನ, ಊರಿಗೆ ಡಂಗುರ ಹೊಡದಾಕಿನೂ ನೀನ.”

ಸುಳ್ಳಾಗಿದ್ದರೆ ಜಗಳಕ್ಕೆ ನಿಲ್ಲಬಹುದಿತ್ತು. ಯಮನಮ್ಮ ಬೆರಳು ಮಡಚಿದಳು: ಗೋಪಣ್ಣ ಹತ್ತಿರ ಬಂದಿದ್ದ ಐತವಾರ ರಾತ್ರಿ, ಸೋಮವಾರ, ಇವತ್ತು.

“ಮಸ್ಕಿ ಬಸ್ಸು ಎಷ್ಟಕ್ಕೈತಿ?” ಎಂದಳು, ನೀರಿನ ಕಡೆ ನೋಡುತ್ತ.

ಲಾಲ್‌ಬೀ ಒದ್ದೆ ಅರಿವೆಯನ್ನು ಬುಟ್ಟಿಗೆ ಹಾಕಿ ಎದ್ದೇಬಿಟ್ಟಳು.

ನರ್ಸಬಾಯಿ ಬೈಯುತ್ತಲೇ ಗುಳಿಗೆ ಕೊಟ್ಟರು. “ಇದು ಒಮ್ಮೊಮ್ಮೆ ಕೈ ಕೊಡತೈತಿ. ಮುಟ್ಟು ತಪ್ಪಿದ್ರ ಬಾ. ತಪ್ಪಲಿಲ್ಲಂದ್ರ ಗಂಡನ್ನ ಕರಕೊಂಡು ಬಾ, ಆಪರೇಶನ್ ಮಾತು ನಾ ಆಡ್ತೀನಿ.”

ಮರುದಿನ ಹತ್ತಿ ಬಿಡಿಸುವ ಹೊಲದಲ್ಲಿ ವಾಂತಿಯ ಸರದಿ ಯಮನಮ್ಮನದು. “ಆರನೇದೇನ ಯಮನವ್ವ?” ಎಂದು ಹೆಂಗಸರು ನಕ್ಕರು. ಗುಳಿಗೆಯ ಮಾತು ಅವಳ ನಾಲಿಗೆಯ ತುದಿಯ ತನಕ ಬಂತು. ಲಾಲ್‌ಬೀಯ ಮುಖ ನೋಡಿ ನುಂಗಿಕೊಂಡಳು.

“ನಿನ್ನಿ ಪುಂಡಿಪಲ್ಲೆ ಆಗಿಬರಲಿಲ್ಲ,” ಎಂದಳು.

ಹದಿಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಹದಿನಾಲ್ಕನೆಯ ದಿನ ಮುಟ್ಟಾಯಿತು. ಗೋಡೆಯ ಮೇಲಿಂದ ಇಣುಕಿ ಲಾಲ್‌ಬೀಗೊಬ್ಬಳಿಗೇ ಹೇಳಿದಳು. ಹೇಳಿ ಇಳಿದವಳು ಮತ್ತೆ ಹತ್ತಿದಳು.

“ನೀ ಎಷ್ಟು ಸಲ ವಾಂತಿ ಮಾಡಿಕೊಂಡಿದ್ದಿ?”

“ಒಂದ ಸಲ.”

“ನೋಡು, ನನಗ ಮೂರು ಸಲ ಆತು,” ಎಂದು ಮುಖ ಉಬ್ಬಿಸಿಕೊಂಡೇ ಇಳಿದಳು ಯಮನಮ್ಮ, ಮಸ್ಕಿಗೆ ಬಾ ಎಂದು ಗೋಪಣ್ಣನನ್ನು ಎಬ್ಬಿಸಲು.