ಗಂಡನ ಹೆಸರು ಹೇಳಿದ ತಪ್ಪಿಗೆ

ಗೆಳತಿಯರೇ, ಇವತ್ತು ಬೇಲೂರಿನ ನಮ್ಮ ಆಸ್ಪತ್ರೆಯಲ್ಲಿ ನನ್ನನ್ನೇ ಹೆರಿಗೆ ಕೋಣೆಯ ಬಾಗಿಲಲ್ಲಿ ತಡೆದರು. ತಡೆದವರು ಬಿಕ್ಕೋಡಿನಿಂದ ಎತ್ತಿನ ಗಾಡಿಯಲ್ಲಿ ಸೊಸೆಯನ್ನು ಕರೆತಂದ ಅಜ್ಜಿ. ಒಳಗೆ ಆ ಹುಡುಗಿ ನೋವು ತಿನ್ನುತ್ತಿದ್ದಳು.

“ಬಿಳಿ ಬಟ್ಟೆ, ಬರೀ ಹಣೆ. ಗಂಡ ಸತ್ತೋಳು ಚೊಚ್ಚಲ ಬಸ್ರೀನ ಮುಟ್ಟಬಾರ್ದು ಕಣವ್ವ.”

ಆಸ್ಪತ್ರೆ ನಡೆಸುವ ಸನ್ಯಾಸಿನಿ ನಾನು. ವ್ರತ ತೊಟ್ಟ ದಿನದ ಉಂಗುರ ತೋರಿಸಿದೆ. “ನನಗೂ ಮದುವೆ ಆಗಿದೆ ಅಜ್ಜಿ. ಗಂಡ ಸತ್ತಿದ್ದು ನಿಜ, ಆದರೆ ಮೂರನೇ ದಿನ ಎದ್ದು ಬಂದ.”

ಅಜ್ಜಿ ಯೋಚಿಸಿದರು. “ಹಂಗಾರೆ ನೀನು ಮುತ್ತೈದೆ. ಹೆಸರೇನು ಅವ್ನದು?”

“ಯೇಸು.”

“ಗಂಡನ ಹೆಸರ ಹಿಂಗೆ ಬಾಯ್ಬಿಟ್ಟು ಹೇಳ್ತಾರೇನವ್ವ” ಎಂದು ಗದರಿ ದಾರಿ ಬಿಟ್ಟರು.

ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಸಂಜೆಯ ಪ್ರಾರ್ಥನೆಯಲ್ಲಿ ಮಾತ್ರ, ಇಷ್ಟು ವರ್ಷದಲ್ಲಿ ಮೊದಲ ಸಲ, ಆ ಹೆಸರು ಹೇಳಲು ನನಗೆ ನಾಚಿಕೆಯಾಯಿತು.